ಎಡದ ಅಂಚಿನಲ್ಲಿ ಕಾಶಿನಾಥನ ಹೆಸರು

ಕಾಶಿನಾಥ ಹೊರ್ತಿಯ ಬೆರಳುಗಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಮುಲುಂಡ್‌ನ ನಮ್ಮ ಸೊಸೈಟಿಯ ಬೆಂಚಿನ ಮೇಲೆ ಕುಳಿತು ಮಾತನಾಡುವಾಗಲೂ ಅವನ ಎಡಗೈಯ ಎರಡು ಬೆರಳು ತೊಡೆಯ ಮೇಲೆ ಟಪ್ ಟಪ್ ಎಂದು ಏನನ್ನೋ ಒತ್ತುತ್ತಿರುತ್ತವೆ. ತಬಲಾ ಕಲಿಯುತ್ತಿದ್ದಾನೆಂದು ಮೊದಮೊದಲು ತಿಳಿದಿದ್ದೆ. ಅವನ ಹೆಂಡತಿ ವೈಶಾಲಿ ನನ್ನ ತಪ್ಪನ್ನು ತಿದ್ದಿದಳು.

"ತಬಲಾ ಎಲ್ಲೀದ್ರೀ ಸರ್? ಅದು ಕಂಪ್ಯೂಟರಿನ ಸೇವ್. ನಿದ್ದಿಗಣ್ಣಾಗೂ ಸೇವ್ ಮಾಡ್ತಾರ. ಮೊನ್ನೆ ನನ್ನ ಕೈ ಒತ್ತಿ ಸೇವ್ ಮಾಡ್ಯಾರ. ಪ್ರೀತಿಲೆ ಹಿಡದಾರಂತ ತಿಳದಿದ್ದೆ ನಾ."

ಕಾಶಿನಾಥ ನನ್ನ ಹಳೆಯ ವಿದ್ಯಾರ್ಥಿ. ಪರೇಲಿನ ಕನ್ನಡ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವನು. ಅವನ ತಂದೆ ಸಿದ್ದರಾಮಪ್ಪ ವಿಜಯಪುರದ ಕಡೆಯಿಂದ ಬಂದು ಅಲ್ಲಿಯ ಗಿರಣಿಯೊಂದರಲ್ಲಿ ಮಗ್ಗ ನಡೆಸುತ್ತಿದ್ದರು. ಈಗ ಗಿರಣಿಯೂ ಇಲ್ಲ, ಸಿದ್ದರಾಮಪ್ಪನವರೂ ಇಲ್ಲ. ಗಿರಣಿಯಿದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿದೆ. ಅದರ ಮೇಲಿನ ಮಾಳಿಗೆಯೊಂದರಲ್ಲಿ ಕಾಶಿನಾಥ ಜಾವಾ ಡೆವಲಪರ್ ಆಗಿ ಕುಳಿತಿದ್ದಾನೆ. ಅಪ್ಪ ನಿಂತು ದುಡಿದು ಕಾಲು ಕೆಡಿಸಿಕೊಂಡರು, ಮಗ ಕುಳಿತು ದುಡಿದು ಸೊಂಟ ಕೆಡಿಸಿಕೊಂಡಿದ್ದಾನೆ. ಪ್ರಗತಿ ಎಂದರೆ ನೋವು ಒಂದು ಗೇಣು ಮೇಲಕ್ಕೇರುವುದು ಎಂದು ಕಾಣುತ್ತದೆ.

ಜಾವಾ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಬಹಳ ಶಿಷ್ಟಾಚಾರದ ಭಾಷೆಯಂತೆ. ಒಂದು ಲೋಟ ನೀರು ಬೇಕಿದ್ದರೆ ಲೋಟ ಎಂದರೇನು, ನೀರು ಎಂದರೇನು, ಕೊಡುವ ಅಧಿಕಾರ ಯಾರಿಗಿದೆ ಎಂದೆಲ್ಲ ಮೊದಲು ಸಾರಿ ಆಮೇಲೆ ನೀರು ಕೇಳಬೇಕು. ಅಷ್ಟು ಹೊತ್ತಿಗೆ ಬಾಯಾರಿಕೆಯೇ ಮರೆತುಹೋಗಿರುತ್ತದೆ. ಈ ಕಷ್ಟವನ್ನು ನೀಗಲೆಂದೇ ಐಡಿಇ ಎಂಬ ಸಾಧನವಿದೆ. ಪಾಟಿ, ಬಳಪ, ಮೇಷ್ಟ್ರು, ಬೆತ್ತ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಕೊಟ್ಟ ಹಾಗೆ. ನೀವು ಅರ್ಧ ಪದ ಬರೆದರೆ ಉಳಿದರ್ಧವನ್ನು ಅದು ಬರೆಯುತ್ತದೆ. ತಪ್ಪಿದರೆ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಏನೂ ತೋಚದೆ ಕುಳಿತರೆ ಪಕ್ಕದಲ್ಲಿ ಒಂದು ಸಣ್ಣ ಹಳದಿ ಬಲ್ಬು ಹೊತ್ತಿಕೊಂಡು 'ಹೀಗೆ ಮಾಡಬಹುದಲ್ಲ?' ಎಂದು ಕೇಳುತ್ತದೆ. ಕಾಶಿನಾಥ 'ಹೂಂ' ಎಂದು ಒಂದು ಗುಂಡಿ ಒತ್ತುತ್ತಾನೆ. ಇಷ್ಟು ವರ್ಷಗಳಲ್ಲಿ ಅವನು ಆ ಬಲ್ಬಿಗೆ ಎದುರಾಡಿದ್ದನ್ನು ಯಾರೂ ಕೇಳಿಲ್ಲ. ಮನೆಯಲ್ಲಿ ತಾಯಿಗೆ, ಹೆಂಡತಿಗೆ ಹೂಂಗುಟ್ಟಿ ಬಂದ ಅಭ್ಯಾಸ ಆಫೀಸಿನಲ್ಲಿಯೂ ಉಪಯೋಗಕ್ಕೆ ಬಿದ್ದಿತು.

ಇಂಥ ಪೆಟ್ಟಿಗೆಗಳು ಹಲವಿವೆ. ಕಾಶಿನಾಥ ಮೊದಲು ನೆಟ್‌ಬೀನ್ಸ್‌ನಲ್ಲಿದ್ದ, ಆಮೇಲೆ ಎಕ್ಲಿಪ್ಸ್‌ಗೆ ಹೋದ, ಈಗ ಇಂಟೆಲಿಜೆಯಲ್ಲಿದ್ದಾನೆ. ಪ್ರತಿಸಲವೂ ದೀಕ್ಷೆ ತೆಗೆದುಕೊಂಡವನ ಹಾಗೆ ಬದಲಾದ. ನಿನ್ನೆಯವರೆಗೆ ತಾನಿದ್ದ ಪಂಥದವರನ್ನು ಕಂಡರೆ ಇಂದು ಅವನಿಗೆ ಕನಿಕರ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದರೆ ಇದೇ ವಾದ: ಯಾವುದು ಬೇಗ ತೆರೆದುಕೊಳ್ಳುತ್ತದೆ, ಯಾವುದರಲ್ಲಿ ಎಷ್ಟು ಶಾರ್ಟ್‌ಕಟ್. ಆ ಶಾರ್ಟ್‌ಕಟ್‌ಗಳನ್ನು ಬಾಯಿಪಾಠ ಮಾಡಲು ಅವನು ಹಾಕಿದ ಶ್ರಮವನ್ನು ನನ್ನ ಕಂದ ಪದ್ಯಗಳಿಗೆ ಹಾಕಿದ್ದರೆ ರಾಜ್ಯಕ್ಕೇ ಮೊದಲಿಗನಾಗುತ್ತಿದ್ದ. ಹೊಸ ಪೆಟ್ಟಿಗೆ ಬಂದಾಗ ಅದಕ್ಕೆ ಬಣ್ಣ ಆರಿಸುವುದರಲ್ಲಿಯೇ ಕೆಲವು ದಿನ ಕಳೆಯುತ್ತವೆ. ಕೊನೆಗೆ ಆರಿಸುವುದು ಕಪ್ಪು. ಅವನ ತಾಯಿ ದಾನವ್ವ ಒಮ್ಮೆ ಹಿಂದಿನಿಂದ ಇಣುಕಿ ನೋಡಿ ಕೇಳಿದ್ದರು:

"ಲೈಟ್ ಹೋಗ್ಯಾವೇನೊ ಒಳಗ?"

"ಅದು ಡಾರ್ಕ್ ಥೀಮ್ ಯವ್ವಾ. ಕಣ್ಣಿಗೆ ತಂಪು."

"ಕಣ್ ಮುಚ್ಚಿದ್ರ ಇನ್ನೂ ತಂಪ್ ಅಕ್ಕೈತಿ. ರೊಟ್ಟಿ ಆರ್ಲಿಕತ್ಯಾವ, ಏಳು."

ಅವನ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಶಾಲೆಯಲ್ಲಿ ಗೋಡೆ ಪತ್ರಿಕೆ ಇತ್ತು. ಮಕ್ಕಳು ಬರೆದ ಕವಿತೆ, ಪ್ರಬಂಧಗಳನ್ನು ದೊಡ್ಡ ಹಾಳೆಯ ಮೇಲೆ ಅಂದವಾಗಿ ಪ್ರತಿಮಾಡಿ ಅಂಟಿಸುತ್ತಿದ್ದೆವು. ಪ್ರತಿಮಾಡುವ ಕೆಲಸ ಕಾಶಿನಾಥನದು, ಏಕೆಂದರೆ ಅವನ ಅಕ್ಷರ ಪೋಣಿಸಿದ ಮಣಿಯ ಹಾಗಿತ್ತು. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಅದನ್ನು ಓದಿ, "ಇಷ್ಟೊಂದು ಕವಿತೆಗಳನ್ನು ಬರೆದ ಈ ಕಾಶಿನಾಥ ಯಾರು?" ಎಂದು ವೇದಿಕೆಯಿಂದಲೇ ಕೇಳಿದರು. ನೋಡಿದರೆ ಪ್ರತಿಯೊಂದು ಕವಿತೆಯ ಕೆಳಗೂ ಅವನದೇ ಹೆಸರು. ನಾನು ಕಿವಿ ಹಿಡಿದು ಕೇಳಿದ್ದಕ್ಕೆ, "ಕೊನೀಗೆ ಮುಟ್ಟಿದವ ನಾನಽ ಅಲ್ರೀ ಸರ್?" ಎಂದಿದ್ದ. ಕವಿಗಳೆಲ್ಲ ಸೇರಿ ಅವನನ್ನು ಶಾಲೆಯ ನಲ್ಲಿಯ ಬಳಿ ಚೆನ್ನಾಗಿ ನೆನೆಸಿದರು. ಆ ಪಾಠ ಮನಸ್ಸಿಗೆ ಹತ್ತಿತೆಂದು ನಾನು ನಂಬಿದ್ದೆ.

ಈಗ ಆಫೀಸಿಗೆ ಬರೋಣ. ಕಾಶಿನಾಥನ ಕಂಪನಿ ಆಸ್ಪತ್ರೆಗಳಿಗೆ ಟೋಕನ್ ಕೊಡುವ ವ್ಯವಸ್ಥೆಯನ್ನು ತಯಾರಿಸುತ್ತದೆ. ರೋಗಿ ಯಂತ್ರದ ಮುಂದೆ ನಿಂತು ತನ್ನ ಕಷ್ಟ ಏನೆಂದು ಒತ್ತಿದರೆ, ಯಾವ ವಿಭಾಗಕ್ಕೆ ಹೋಗಬೇಕೆಂದು ಚೀಟಿ ಬರುತ್ತದೆ. ಆ ಪ್ರೋಗ್ರಾಮನ್ನು ಬರೆಯುವವರು ಮುಖ್ಯವಾಗಿ ಇಬ್ಬರು. ಒಬ್ಬಳು ಯಕ್ಷಿತಾ, ಅವಳ ತಂದೆ ಉಡುಪಿ ಕಡೆಯವರು, ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಾರೆ. ಇನ್ನೊಬ್ಬ ಪ್ರೀತಮ್, ಮಾತು ಕಡಮೆ. ಕಾಶಿನಾಥ ಇವರಿಬ್ಬರಿಗಿಂತ ಹಿರಿಯ. ಹಿರಿಯರ ಕೆಲಸ ಮೀಟಿಂಗಿಗೆ ಹೋಗುವುದು, ಮೀಟಿಂಗಿನಿಂದ ಬಂದು ಕಿರಿಯರ ಫೈಲುಗಳನ್ನು ತೆರೆದು ನೋಡುವುದು.

ನೋಡಿದ ಮೇಲೆ ಸುಮ್ಮನೆ ಮುಚ್ಚಬಹುದಿತ್ತು. ಆದರೆ ಅವನ ಕಾಲೇಜಿನ ಲ್ಯಾಬಿನಲ್ಲಿ ಘಳಿಗೆಗೊಮ್ಮೆ ಫ್ಯೂಸು ಹಾರಿ ಬರೆದದ್ದೆಲ್ಲ ಹೋಗುತ್ತಿತ್ತು. ಅಂದಿನಿಂದ ಅವನ ಬೆರಳುಗಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಸೇವ್ ಮಾಡುತ್ತವೆ. ಅದರ ಜೊತೆಗೆ, ಹೊಸ ಪೆಟ್ಟಿಗೆಗೆ ಬಂದಾಗ ಅವನು ಬಹಳ ಹೆಮ್ಮೆಯಿಂದ ಒಂದು ಏರ್ಪಾಡು ಮಾಡಿಕೊಂಡಿದ್ದ: ಸೇವ್ ಒತ್ತಿದೊಡನೆ ಫೈಲಿನ ಸಾಲುಗಳೆಲ್ಲ ಕವಾಯತಿಗೆ ನಿಂತವರ ಹಾಗೆ ತಾವಾಗಿಯೇ ನೆಟ್ಟಗಾಗಬೇಕು. ಯಕ್ಷಿತಾ, ಪ್ರೀತಮ್ ಸಾಲಿನ ಮೊದಲಿಗೆ ಎರಡು ಅಕ್ಷರದಷ್ಟು ಜಾಗ ಬಿಡುವವರು; ಅವನ ಪೆಟ್ಟಿಗೆ ಅದನ್ನು ನಾಲ್ಕಕ್ಕೆ ಸರಿಸುತ್ತಿತ್ತು. ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ, ಸಾಲುಗಳು ಬಲಕ್ಕೆ ಜರುಗುತ್ತಿದ್ದವು ಅಷ್ಟೆ. ಸಂಜೆ ಲೋಕಲ್ ರೈಲು ಹಿಡಿಯುವ ಮೊದಲು ಅವನು ಅವೆಲ್ಲವನ್ನೂ ಎಲ್ಲರ ಕೆಲಸ ಸೇರುವ ಒಂದೇ ಉಗ್ರಾಣಕ್ಕೆ ಸೇರಿಸಿ ಹೋಗುತ್ತಿದ್ದ.

ಆ ಉಗ್ರಾಣಕ್ಕೆ ಒಂದು ಕಟ್ಟಳೆಯಿದೆ. ಯಾವ ಸಾಲನ್ನು ಕೊನೆಯದಾಗಿ ಯಾರು ಮುಟ್ಟಿದರೋ ಅವರ ಹೆಸರನ್ನು ಅದು ಆ ಸಾಲಿನ ಎಡದ ಅಂಚಿನಲ್ಲಿ ತೋರಿಸುತ್ತದೆ. ಮುಟ್ಟಿದ್ದು ಬರೆಯಲಿಕ್ಕೋ ಜರುಗಿಸಲಿಕ್ಕೋ ಎಂದು ಅದು ಕೇಳುವುದಿಲ್ಲ. ಹೀಗಾಗಿ ಕೆಲವೇ ತಿಂಗಳಲ್ಲಿ ಟೋಕನ್ ವ್ಯವಸ್ಥೆಯ ಫೈಲುಗಳನ್ನು ತೆರೆದರೆ ಎಡದ ಅಂಚಿನ ಉದ್ದಕ್ಕೂ ಕಾಶಿನಾಥ, ಕಾಶಿನಾಥ, ಕಾಶಿನಾಥ, ನಾಮಜಪದ ಹಾಗೆ.

ಯಕ್ಷಿತಾ ಇದನ್ನು ಮೊದಲೇ ಕಂಡಳು. "ಎಂತ ಕಾಶಿ ಸರ್, ನನ್ನ ಫೈಲಿಗೆ ಪುನಃ ಇಸ್ತ್ರಿ ಹಾಕಿದ್ರಾ?" ಎಂದು ಕೇಳಿದಳಂತೆ.

"ಸ್ವಚ್ಛ ಇರಬೇಕಲ್ಲಾ ಯಕ್ಷಿತಾ. ಓದವ್ರಿಗೆ ಚಂದ ಕಾಣ್ತದ."

"ಚಂದ ಆಗ್ತದೆ ಸರ್. ಆದ್ರೆ ಇಸ್ತ್ರಿಯವ ಅಂಗಿ ಮೇಲೆ ತನ್ನ ಹೆಸರು ಹೊಲಿಯುವುದಿಲ್ಲ ಅಲ್ವಾ?"

ಅವನು ನಕ್ಕುಬಿಟ್ಟ. ಹೆಸರಿನ ಮಾತು ಅವಳಿಗೂ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಕೆಲಸ ಬಹಳ ಇತ್ತು.

ವರ್ಷದ ಕೊನೆಗೆ ಆ ಮಾತು ದೊಡ್ಡದಾಯಿತು. ವಿಭಾಗದ ಮುಖ್ಯಸ್ಥೆ ಶುಭಾಂಗಿ ಮೇಡಂ. ಬೆಳಗಾವಿಯಲ್ಲಿ ಓದಿದವರು, ಕನ್ನಡ ಬರುತ್ತದೆ, ಆದರೆ ಸಿಟ್ಟು ಬಂದಾಗ ಮಾತ್ರ ಬರುತ್ತದೆ. ಕಂಪನಿಯ ದೊಡ್ಡವರು ಆ ವರ್ಷ ಒಂದು ಹೊಸ ಜಾಣತನ ಕಂಡುಹಿಡಿದಿದ್ದರು: ಯಾರ ಹೆಸರಿನಲ್ಲಿ ಎಷ್ಟು ಸಾಲು ಇವೆಯೋ ಅದರ ಮೇಲೆ ಯೋಗ್ಯತೆಯ ಅಳತೆ. ದರ್ಜಿಯನ್ನು ಕತ್ತರಿಯ ಸದ್ದಿನಿಂದ ಅಳೆದ ಹಾಗೆ. ಮೇಡಂ ಗೋಡೆಯ ಪರದೆಯ ಮೇಲೆ ನಕ್ಷೆ ತೋರಿಸಿದರು. ಉಳಿದವರ ಕಂಬಗಳು ಹಳೆಯ ಚಾಳುಮನೆಗಳ ಎತ್ತರಕ್ಕಿದ್ದವು. ಕಾಶಿನಾಥನದು ಮಾತ್ರ ಪಕ್ಕದ ಗಾಜಿನ ಟವರಿನ ಹಾಗೆ ನಿಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನು ಆಗ ಎದ್ದುನಿಂತು, "ಮೇಡಂ, ಅವು ನನ್ನ ಸಾಲುಗಳಲ್ಲ, ನಾನು ಬರಿ ಜರುಗಿಸಿದವನು" ಎಂದು ಹೇಳಬಹುದಿತ್ತು. ಹೇಳುವುದಕ್ಕೆ ಎರಡು ಉಸಿರು ಸಾಕಾಗಿತ್ತು. ಕಾಶಿನಾಥ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡ. ಅದನ್ನು ಎಲ್ಲರೂ ವಿನಯವೆಂದು ತಿಳಿದರು.

ಬಹುಮಾನದ ಹೊಳೆಯುವ ಒಂದು ಕಪ್ಪು ಮನೆಗೆ ಬಂದಿತು. 'ವರ್ಷದ ಅತ್ಯುತ್ತಮ ಡೆವಲಪರ್, ಕಾಶಿನಾಥ್ ಹೊರ್ತಿ' ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೊರೆದಿತ್ತು. ಶೋಕೇಸಿನಲ್ಲಿ ಸಿದ್ಧೇಶ್ವರನ ಪಟದ ಪಕ್ಕದಲ್ಲಿ ಅದಕ್ಕೆ ಜಾಗವಾಯಿತು. ಹೋದಾಗಲೆಲ್ಲ ಅವನು ನನ್ನನ್ನು ಆ ಕಪ್ಪು ಕಾಣುವ ಕುರ್ಚಿಯಲ್ಲಿಯೇ ಕೂಡಿಸುತ್ತಿದ್ದ. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ ಟೀಮ್ ಲೀಡ್ ಪದವಿ ಅವನಿಗೇ ಎಂದು ಮೇಡಂ ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದ ಕೈಗೆ ಬರುವುದೊಂದು ಬಾಕಿ. ಬಹಳ ವರ್ಷಗಳಿಂದ ಅವನ ಕಣ್ಣು ಆ ಕುರ್ಚಿಯ ಮೇಲಿತ್ತು. ಜೊತೆಗೆ ಸೇರಿದವರೆಲ್ಲ ಎಂದೋ ಲೀಡ್ ಆಗಿ, ಮ್ಯಾನೇಜರ್ ಆಗಿ, ಹೊಟ್ಟೆ ಬೆಳೆಸಿಕೊಂಡಿದ್ದರು. ಹೊಟ್ಟೆಯ ವಿಷಯದಲ್ಲಿ ಇವನೂ ಹಿಂದೆ ಬಿದ್ದಿರಲಿಲ್ಲ, ಪದವಿಯೊಂದು ಉಳಿದಿತ್ತು.

ಅಷ್ಟರಲ್ಲಿ ಮಂಡಿಗಳು ಅಡ್ಡ ಬಂದವು.

ಇವರ ಯಂತ್ರವಿದ್ದ ಒಂದು ಆಸ್ಪತ್ರೆಯವರು ಮಂಡಿನೋವಿಗೆಂದೇ ಪ್ರತ್ಯೇಕ ವಿಭಾಗ ತೆರೆದರು. ಯಂತ್ರದಲ್ಲಿ ಹೊಸ ಗುಂಡಿ ಸೇರಿತು. ಸೋಮವಾರ ಬೆಳಿಗ್ಗೆ ಉಪನಗರದ ಮಂಡಿನೋವಿನ ಹಿರಿಯರೆಲ್ಲ ಬಂದು ಆ ಗುಂಡಿ ಒತ್ತಿದರು. ಚೀಟಿ ಬಂದಿತು. ಚೀಟಿ ಹಿಡಿದು, ಬಾಣದ ಗುರುತು ಹಿಡಿದು, ಒಬ್ಬೊಬ್ಬರಾಗಿ ಹೋಗಿ ಕುಳಿತದ್ದು ಹೆರಿಗೆ ವಿಭಾಗದಲ್ಲಿ. ತುಂಬು ಬಸುರಿಯರು ನಿಂತಿದ್ದರು. ಬೆಂಚುಗಳ ಮೇಲೆ ಅಜ್ಜಂದಿರು. ಕೊರಳಿಗೆ ಮಫ್ಲರ್ ಸುತ್ತಿಕೊಂಡ ನಿವೃತ್ತ ಹವಾಲ್ದಾರರೊಬ್ಬರನ್ನು ನರ್ಸು, "ಎಷ್ಟು ತಿಂಗಳು?" ಎಂದು ತಲೆಯೆತ್ತದೆ ಕೇಳಿದಳಂತೆ. ಅವರು, "ದೀಪಾವಳಿಯಿಂದ ಹಿಡಿದಿದೆ" ಎಂದರಂತೆ. ಯಾರೋ ಅದರ ವಿಡಿಯೋ ತೆಗೆದರು. ಮಧ್ಯಾಹ್ನದೊಳಗೆ ಅದು ನಮ್ಮ ಸೊಸೈಟಿಯ ವಾಟ್ಸಾಪಿಗೂ ಬಂದು ನಾನೂ ನಕ್ಕೆ. ನಗುವಾಗ ಅದರ ಹಿಂದೆ ಕಾಶಿನಾಥನಿದ್ದಾನೆಂದು ಗೊತ್ತಿರಲಿಲ್ಲ.

ಆಸ್ಪತ್ರೆಯವರು ನಗಲಿಲ್ಲ. ಆಫೀಸಿಗೆ ಬಂದು ಲೆಕ್ಕ ಕೇಳುತ್ತೇವೆ, ಆ ಭಾಗವನ್ನು ಬರೆದವರೇ ನಮ್ಮೆದುರು ನಿಂತು ಹೇಳಬೇಕು ಎಂದು ಪಟ್ಟುಹಿಡಿದರು. ಶುಭಾಂಗಿ ಮೇಡಂ ಆ ಫೈಲನ್ನು ತೆರೆಸಿದರು. ಎಡದ ಅಂಚಿನ ಉದ್ದಕ್ಕೂ ಒಂದೇ ಹೆಸರು.

ಮೀಟಿಂಗಿನ ಹಿಂದಿನ ಸಂಜೆ ಕಾಶಿನಾಥ ಬೆಂಚಿಗೆ ಬಂದು ಕುಳಿತ. ಬೆರಳುಗಳು ತೊಡೆಯ ಮೇಲೆ ಜೋರಾಗಿ ಓಡುತ್ತಿದ್ದವು. ಮೇಲೆ ಬರೆದ ಇಸ್ತ್ರಿಯ ಕಥೆಯನ್ನೆಲ್ಲ ಅವನ ಬಾಯಿಂದ ನಾನು ಮೊದಲು ಕೇಳಿದ್ದು ಆಗಲೇ.

"ನಾ ಬರದದ್ದಲ್ರೀ ಸರ್ ಅದು. ಪ್ರೀತಮ್ ಬರದಿರಬೇಕು. ಇಲ್ಲಾಂದ್ರ ಯಕ್ಷಿತಾ. ನಾ ಬರೇ ನೆಟ್ಟಗ ಮಾಡೀನಿ."

"ಹಾಗೆಂದು ಹೇಳು."

"ಹೇಳಿದ್ರ ಕಪ್ಪಿಂದೂ ಕೇಳ್ತಾರಲ್ರೀ. ಎಲ್ಲಾ ಸಾಲೂ ನೆಟ್ಟಗ ಮಾಡಿದ್ದಂದ್ರ ಆ ಕಂಬ ಎಲ್ಲಿಂದ ಬಂತು ಅಂತಾರ."

"ಹಾಗಾದರೆ ಹೇಳಬೇಡ. ಬರೆದವನು ನಾನೇ ಎಂದು ಒಪ್ಪಿಕೊ."

"ಅಜ್ಜಂದ್ರನ್ನ ಬಾಣಂತಿ ಖೋಲಿಗೆ ಕಳ್ಸಿದಾವ ಅಂತ ಹೆಸರಾಗ್ತದ. ಲೀಡ್ ಹೋಗೇ ಹೋಗ್ತದ."

ಅವನಿಗೆ ಬೇಕಾಗಿದ್ದುದು ಬಹಳ ಸರಳ. ಒಳ್ಳೆಯ ಸಾಲುಗಳೆಲ್ಲ ತನ್ನವಾಗಿ ಉಳಿಯಬೇಕು, ಕೆಟ್ಟದ್ದೊಂದು ಮಾತ್ರ ಬೇರೆಯವರದಾಗಬೇಕು. ಈ ಆಸೆ ಅವನೊಬ್ಬನದೇ ಅಲ್ಲ. ನಾಡಿನ ದೊಡ್ಡ ದೊಡ್ಡ ಕುರ್ಚಿಗಳೆಲ್ಲ ಇದರ ಮೇಲೆಯೇ ನಿಂತಿವೆ. ಆದರೆ ಆ ಕುರ್ಚಿಗಳಿಗೆ ಎಡದ ಅಂಚು ಇರುವುದಿಲ್ಲ.

"ಕಾಶಿನಾಥ, ಗೋಡೆ ಪತ್ರಿಕೆ ನೆನಪಿದೆಯೇನೋ?" ಎಂದೆ.

"ನಲ್ಲಿ ನೆನಪದರೀ" ಎಂದು ಎದ್ದುಹೋದ.

ಮರುದಿನದ ಮೀಟಿಂಗಿನ ಸಂಗತಿಯನ್ನು ಕಾಶಿನಾಥ ಒಂದು ರೀತಿ ಹೇಳಿದ, ಯಕ್ಷಿತಾ ಇನ್ನೊಂದು ರೀತಿ ಹೇಳಿದಳು. ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಇಬ್ಬರು ಅಧಿಕಾರಿಗಳು ಮೇಜಿನ ಆ ಬದಿಗೆ, ಇವರು ಈ ಬದಿಗೆ. ಗೋಡೆಯ ಪರದೆಯ ಮೇಲೆ ಆ ಫೈಲು. ಮೇಡಂ, "ಬರೆದವರು ನಮ್ಮ ವರ್ಷದ ಅತ್ಯುತ್ತಮ ಡೆವಲಪರ್" ಎಂದು ಪರಿಚಯಿಸಿದರು. ಕಾಶಿನಾಥ ಎದ್ದುನಿಂತ. ಈ ಫೈಲನ್ನು ತಾನು ಬರೆದಿಲ್ಲವೆಂದೂ, ಸೇವ್ ಮಾಡುವಾಗ ಸಾಲುಗಳು ನೆಟ್ಟಗಾಗಿ ತನ್ನ ಹೆಸರು ಬಂದಿದೆಯೆಂದೂ, ಈ ಒಂದೇ ಅಲ್ಲ, ಎಲ್ಲ ಫೈಲುಗಳ ಕಥೆಯೂ ಇದೇ ಎಂದೂ ಹೇಳಿದ. ಇದನ್ನು ಪ್ರಾಮಾಣಿಕತೆ ಎಂದು ನಾನು ಹೊಗಳಲಾರೆ. ನಲ್ಲಿಯ ನೆನಪು ಸ್ವಲ್ಪ ಇದ್ದೀತು. ಹೆಚ್ಚಾಗಿ ಹೆರಿಗೆ ವಿಭಾಗದ ಭಯವೇ.

ಶುಭಾಂಗಿ ಮೇಡಂ ಅವರಿಗೆ ಕನ್ನಡ ಬಂದುಬಿಟ್ಟಿತು.

"ಹಂಗಾದ್ರ ಕಪ್ ಯಾಕ್ ತಗೊಂಡ್ರಿ ಕಾಶಿನಾಥ್?"

"ನೀವು ಕೊಟ್ರಿ ಮೇಡಂ."

"ಕೊಟ್ರ ತಗೊಂಡ್ಬಿಡೋದಾ? ಬಾಯಿ ಇರ್ಲಿಲ್ಲಾ?"

ಆಸ್ಪತ್ರೆಯವರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಆಗ ಮೂಲೆಯಿಂದ ಯಕ್ಷಿತಾ ಬಾಯಿ ಹಾಕಿದಳು. "ಮೇಡಂ, ಜಾಗ ಜರುಗಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಹೇಳ್ಲಿಕ್ಕೆ ಒಂದು ಆಯ್ಕೆ ಉಂಟು. ಇದೇ ಪೆಟ್ಟಿಗೆಯಲ್ಲೇ ಉಂಟು. ಆಗ ನಿಜವಾಗಿ ಯಾರು ಬರೆದದ್ದು ಅಂತ ಕಾಣ್ತದೆ."

ಕಾಶಿನಾಥ ಬೆಪ್ಪಾಗಿ ಅವಳ ಕಡೆ ನೋಡಿದ. ಆ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದಲ್ಲೇ ಎಷ್ಟು ಬಗೆಗಳಿವೆ ಎಂಬುದು ಅವನಿಗೆ ಗೊತ್ತಿತ್ತು. ಈ ಆಯ್ಕೆ ಮಾತ್ರ ಗೊತ್ತಿರಲಿಲ್ಲ. ಬಲ್ಬು ಅದನ್ನು ಎಂದೂ ಸೂಚಿಸಿರಲಿಲ್ಲ.

"ಹಾಕು, ಹಾಕು" ಎಂದ ಅವನೇ, ಬಹಳ ಉತ್ಸಾಹದಿಂದ. ತಾನು ಪಾರಾದೆನೆಂದು ಅವನಿಗೆ ಅನ್ನಿಸಿರಬೇಕು.

ಯಕ್ಷಿತಾ ಗುಂಡಿ ಒತ್ತಿದಳು. ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಸ್ಲೋ ಗಾಡಿಯ ಹೆಸರು ಹೋಗಿ ಫಾಸ್ಟ್ ಗಾಡಿಯ ಹೆಸರು ಬರುವ ಹಾಗೆ ಎಡದ ಅಂಚಿನಲ್ಲಿ ಹೆಸರುಗಳು ಬದಲಾದವು. ಯಕ್ಷಿತಾ, ಯಕ್ಷಿತಾ, ಪ್ರೀತಮ್, ಯಕ್ಷಿತಾ, ಪ್ರೀತಮ್, ಯಕ್ಷಿತಾ. ಅವಳು ಮೆಲ್ಲನೆ ಕೆಳಕ್ಕೆ ಸರಿಸುತ್ತ ಹೋದಳು. ತಳದ ಹತ್ತಿರ, ಗೊತ್ತಿಲ್ಲದ ವಿಭಾಗ ಬಂದರೆ ಏನು ಮಾಡಬೇಕೆಂದು ಹೇಳುವ ಜಾಗ ಬಂದಿತು. ಅಲ್ಲಿ ಎರಡು ಸಾಲು. ಮೊದಲನೆಯದು ಬರೆಯುವವರು ತಮಗೆ ತಾವೇ ಬರೆದುಕೊಳ್ಳುವ ಟಿಪ್ಪಣಿ. ಕನ್ನಡದಲ್ಲಿ ಹೇಳುವುದಾದರೆ 'ಸದ್ಯಕ್ಕೆ ಇರಲಿ, ಆಮೇಲೆ ನೋಡಬೇಕು' ಎಂದಿತ್ತು. ಅದರ ಕೆಳಗಿನ ಸಾಲಿನ ಅರ್ಥ: ಪಟ್ಟಿಯಲ್ಲಿ ಮೊದಲು ಯಾವ ವಿಭಾಗವಿದೆಯೋ ಅಲ್ಲಿಗೆ ಕಳಿಸು. ಮಂಡಿಯ ಹೊಸ ವಿಭಾಗ ಇನ್ನೂ ಪಟ್ಟಿಗೆ ಸೇರಿರಲಿಲ್ಲ, ಮೊದಲು ಇದ್ದುದು ಹೆರಿಗೆ.

ಈ ಎರಡು ಸಾಲಿನ ಎಡಕ್ಕೆ ಕಾಶಿನಾಥ, ಕಾಶಿನಾಥ ಎಂದಿತ್ತು.

ಇಡೀ ಫೈಲಿನಲ್ಲಿ ಅವನು ನಿಜವಾಗಿ ಬರೆದದ್ದು ಅವೆರಡೇ. ಆಗ ಪ್ರೀತಮ್, ಮೀಟಿಂಗಿನಲ್ಲಿ ಎಂದೂ ಬಾಯಿ ತೆರೆಯದವನು, "ಅವೆರಡು ಸಾಲು ಮೊದಲಿನಿಂದಲೂ ನೆಟ್ಟಗೇ ಇದ್ದವು ಸರ್" ಎಂದನಂತೆ.

ನಡೆದದ್ದು ಇಷ್ಟು. ಹಿಂದೆಂದೋ ಫೈಲನ್ನು ತೆರೆದು ನೋಡುತ್ತಿದ್ದಾಗ ಹಳದಿ ಬಲ್ಬು ಹೊತ್ತಿ, ಇವಾವುವೂ ಅಲ್ಲದಿದ್ದರೆ ಏನು ಮಾಡಬೇಕೆಂಬುದನ್ನೂ ಬರೆದಿಡು ಎಂದು ನೆನಪಿಸಿ ಖಾಲಿ ಜಾಗ ತೋರಿಸಿತ್ತು. ಬಲ್ಬಿನ ಬುದ್ಧಿವಾದ ಸರಿಯಾಗಿಯೇ ಇತ್ತು. ಅಪರೂಪಕ್ಕೆ ತುಂಬುವ ಕೆಲಸ ಕಾಶಿನಾಥನ ಪಾಲಿಗೆ ಬಂದಿತ್ತು. ಅವನು ಕೈಗೆ ಸಿಕ್ಕಿದ್ದನ್ನು ತುಂಬಿ, ಆಮೇಲೆ ನೋಡಬೇಕು ಎಂದು ಬರೆದು, ಸೇವ್ ಮಾಡಿದ. ಅಂಥ ಟಿಪ್ಪಣಿಗಳು ಮರೆಯದಿರಲೆಂದು ಪೆಟ್ಟಿಗೆ ಅವುಗಳನ್ನು ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಆ ಬಣ್ಣ ತನ್ನ ಕಪ್ಪು ಥೀಮಿಗೆ ಒಪ್ಪುವುದಿಲ್ಲವೆಂದು ಅವನು ಅದನ್ನು ತೆಗೆದುಹಾಕಿದ್ದ.

ನೌಕರಿ ಉಳಿಯಿತು. ಅವನಂಥವರನ್ನೆಲ್ಲ ತೆಗೆದುಹಾಕಿದರೆ ಮೀಟಿಂಗಿಗೆ ಹೋಗಲು ಯಾರೂ ಇರುವುದಿಲ್ಲ. ಜಾಗವನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದಾಗ ಯಕ್ಷಿತಾಳ ಕಂಬ ಎಲ್ಲಕ್ಕಿಂತ ಎತ್ತರಕ್ಕೆ ಬಂದಿತು. ಟೀಮ್ ಲೀಡ್ ಕಾಗದ ಅವಳ ಕೈಗೆ ಹೋಯಿತು. ಕಾಶಿನಾಥನ ಕಂಬವನ್ನು ನೋಡಬೇಕಾದರೆ ಪರದೆಯ ಹತ್ತಿರ ಹೋಗಿ ಬಗ್ಗಬೇಕಾಗಿತ್ತಂತೆ. ಸೊಂಟ ನೋವಿನಿಂದಾಗಿ ಅವನು ಬಗ್ಗಲಿಲ್ಲ.

ಮುಂದಿನ ಭಾನುವಾರ ಯಕ್ಷಿತಾ ಮುಲುಂಡಿಗೆ ಬಂದಿದ್ದಳು. ದಾನವ್ವನ ರೊಟ್ಟಿ, ಎಣ್ಣೆಗಾಯಿ ಎಂದರೆ ಅವಳಿಗೆ ಪ್ರಾಣ. ಲೀಡ್ ಆದ ಸಂತೋಷಕ್ಕೆ ತಾನೇ ಹೇಳಿ ಊಟಕ್ಕೆ ಬಂದಿದ್ದಳು. ನನಗೂ ಕರೆ ಇತ್ತು. ಊಟವಾದ ಮೇಲೆ ಕಾಶಿನಾಥ ಶೋಕೇಸಿನಿಂದ ಕಪ್ಪನ್ನು ತೆಗೆದು ತಂದು ಅವಳ ಮುಂದಿಟ್ಟ. ಮುಖ ಸಪ್ಪಗಿತ್ತು.

"ಅಯ್ಯೋ ಬೇಡ ಮಾರ್ರೆ. ಹೆಸರು ನಿಮ್ಮದು ಉಂಟಲ್ಲ ಅದ್ರಲ್ಲಿ."

"ಸಾಲು ನಿಂದು. ಹೆಸರ್ ಬೇಕಾದ್ರ ತಿಕ್ಕಿಸ್ಕೊ."

"ತಗೊಂಡ್ ಹೋಗವಾ ತಂಗಿ" ಎಂದರು ದಾನವ್ವ ಒಳಗಿನಿಂದ. "ಧೂಳ ಒರಸೂದು ತಪ್ತದ ನನಗ. ಎರಡ್ ದಿನಕ್ಕೊಮ್ಮೆ ಹೊಳಪಿಸು ಯವ್ವಾ, ಹೊಳಪಿಸು ಅಂತ ಜೀವಾ ತಿಂತಿದ್ದ."

ಯಕ್ಷಿತಾ ಕಪ್ಪನ್ನು ತಿರುಗಿಸಿ ನೋಡಿದಳು. ಒಳಗೆ ಬಗ್ಗಿ ನೋಡಿದಳು. ಹೋಟೆಲಿನವರ ಮಗಳ ಕಣ್ಣು. "ಆಯ್ತು. ಅಪ್ಪನಿಗೆ ಗಲ್ಲಾಪೆಟ್ಟಿಗೆ ಹತ್ರ ಸೋಂಪು ಇಡ್ಲಿಕ್ಕೆ ಒಂದು ಬೇಕಿತ್ತು" ಎಂದು ಚೀಲದಲ್ಲಿ ಹಾಕಿಕೊಂಡಳು. ಹೀಗಾಗಿ ಸಾಂತಾಕ್ರೂಜ್‌ನ ಆ ಹೋಟೆಲಿನಲ್ಲಿ ಬಿಲ್ಲು ಕೊಡುವವರು ಈಗ ವರ್ಷದ ಅತ್ಯುತ್ತಮ ಡೆವಲಪರನೊಳಗೆ ಕೈಹಾಕಿ ಸೋಂಪು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಇದೆಲ್ಲ ಆದ ಮೇಲೆ ಕಾಶಿನಾಥ ಒಂದು ಕೆಲಸ ಮಾಡಿದ. ಸೇವ್ ಮಾಡುವಾಗ ಸಾಲು ನೆಟ್ಟಗಾಗುವ ಏರ್ಪಾಡನ್ನು ತೆಗೆದುಹಾಕಿದ. ತನ್ನ ಆ ಸಾಲನ್ನು ತಾನೇ ತಿದ್ದುತ್ತೇನೆಂದು ಹೊಸ ಲೀಡ್ ಯಕ್ಷಿತಾಳ ಅಪ್ಪಣೆ ಕೇಳಿದ. ಗೊತ್ತಿಲ್ಲದ ವಿಭಾಗ ಬಂದರೆ ರೋಗಿಯನ್ನು ವಿಚಾರಣೆಯ ಕೌಂಟರಿಗೆ ಕಳಿಸು ಎಂದು ಬರೆದ. ಮೇಲಿದ್ದ ಟಿಪ್ಪಣಿಯನ್ನು ಅಳಿಸಿದ. ಲ್ಯಾಪ್‌ಟಾಪನ್ನು ಬೆಂಚಿಗೇ ತಂದು ನನಗೆ ತೋರಿಸಿದ. ಯಕ್ಷಿತಾ ತೋರಿಸಿದ ಆಯ್ಕೆಯನ್ನು ಹಾಕಿದ್ದ; ಎಡದ ಅಂಚಿನಲ್ಲಿ ಬೇರೆಯವರ ಹೆಸರುಗಳ ನಡುವೆ ಒಂದೇ ಒಂದು ಕಡೆ ಅವನ ಹೆಸರಿತ್ತು.

"ಇದು ಖರೇ ನಂದು ಸರ್" ಎಂದ.

"ಕೆಲಸ ಮಾಡುತ್ತದೆಯೇ?"

"ಮಾಡ್ತದ್ರೀ. ಆದ್ರ ಯಾವ ವಿಭಾಗಾನೂ ಅಲ್ಲದ ಮನಷ್ಯಾ ಬರಬೇಕು. ಅಂದ್ರನ ಅದು ಓಡ್ತದ." ಲ್ಯಾಪ್‌ಟಾಪ್ ಮುಚ್ಚುತ್ತ, "ಈಗ 'ಇತರೆ' ಅಂತ ಹೊಸಾ ಗುಂಡಿ ಹಾಕ್ಯಾರ" ಎಂದು ಆಸೆಯಿಂದ ಸೇರಿಸಿದ.

ನನ್ನ ಮಂಡಿಗಳೂ ಹಳೆಯವು. ಶನಿವಾರ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಅವನೇ ಹಟ ಹಿಡಿದ. ಗುರುಭಕ್ತಿಯೆಂದು ವೈಶಾಲಿ ಮೆಚ್ಚಿಕೊಂಡಳು, ನನಗೆ ಸಂಶಯವಿತ್ತು. ಯಂತ್ರದ ಮುಂದೆ ನಿಂತು ಮಂಡಿಯ ಗುಂಡಿ ಒತ್ತಿದೆ. ಮಂಡಿ ವಿಭಾಗಕ್ಕೇ ಚೀಟಿ ಬಂದಿತು. "ಇದು ಪ್ರೀತಮ್ ಬರದದ್ದು" ಎಂದ ಕಾಶಿನಾಥ, ನನ್ನ ಮಂಡಿಗಳು ಗೊತ್ತಿರುವ ರೋಗದವೆಂದು ಸ್ವಲ್ಪ ಬೇಸರವಾದವನ ಹಾಗೆ. ನನ್ನನ್ನು ಒಳಗೆ ಕರೆದೊಯ್ಯುವ ಬದಲು ಯಂತ್ರ ಕಾಣುವ ಕಡೆ ಕುರ್ಚಿಯಲ್ಲಿ ಕೂಡಿಸಿ ತಾನೂ ಕುಳಿತ. ಬಂದವರೆಲ್ಲ ಕಿವಿ, ಕಣ್ಣು, ಹೊಟ್ಟೆ ಎಂದು ಗೊತ್ತಿರುವುದನ್ನೇ ಒತ್ತುತ್ತಿದ್ದರು. ಅವನ ಬೆರಳು ತೊಡೆಯ ಮೇಲೆ ಟಪ್ ಟಪ್.

ಕೊನೆಗೆ ದಪ್ಪ ಕನ್ನಡಕದ ಒಬ್ಬ ಗೃಹಸ್ಥರು ಬಂದರು. ನಿನ್ನೆ ಹೆಂಡತಿಯನ್ನು ತೋರಿಸಲು ಬಂದಾಗ ಛತ್ರಿ ಮರೆತು ಹೋಗಿದ್ದರಂತೆ. ವಾಚ್‌ಮನ್ ಯಂತ್ರದ ಕಡೆ ಕೈತೋರಿಸಿದ. ಅವರು ಎಲ್ಲ ಗುಂಡಿಗಳನ್ನೂ ಓದಿ, ಛತ್ರಿಗೆ ಹೊಂದುವ ರೋಗ ಕಾಣದೆ, 'ಇತರೆ' ಒತ್ತಿದರು. ಚೀಟಿ ಹೊರಬಂದಿತು. ಕಾಶಿನಾಥ ಎದ್ದು ಹೋಗಿ ಅವರ ಭುಜದ ಮೇಲಿಂದ ಇಣುಕಿದ. ಅವರು ತಿರುಗಿ, "ಯೇ ಕ್ಯಾ ಹೈ ಭಾಯ್?" ಎಂದು ಚೀಟಿ ತೋರಿಸಿದರು.

"ವಿಚಾರಣೆ ಕೌಂಟರ್, ಅಂಕಲ್" ಎಂದು ಕಾಶಿನಾಥ ಹಿಂದಿಯಲ್ಲಿ ಹೇಳತೊಡಗಿದ. ಇದನ್ನು ಬರೆದವನು ತಾನೇ ಎಂದ. ಆಮೇಲೆ ಒಂದು ಸಲ ನನ್ನ ಕಡೆ ನೋಡಿ, ಇದೊಂದು ಸಾಲು ಮಾತ್ರ ತನ್ನದು, ಉಳಿದದ್ದೆಲ್ಲ ಯಕ್ಷಿತಾ ಎಂಬವಳದು, ಮಂಡಿಯದು ಪ್ರೀತಮ್‌ದು ಎಂದು ಒಬ್ಬೊಬ್ಬರನ್ನೂ ಬಿಡದೆ ಒಪ್ಪಿಸಿದ.

ಗೃಹಸ್ಥರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ, "ಅಚ್ಛಾ. ಆದರೆ ಛತ್ರಿ ಯಾರ ಹತ್ತಿರ ಇದೆ?" ಎಂದು ಕೇಳಿದರು.